ಮರಲ ಮೀನಿಗೆ ಕಾಡಿಗೆ

ಅಂಗಳದ ಹಂಡೆಯಲ್ಲಿ ಮೀನಿರಲಿಲ್ಲ. ಮಮ್ತಾಜ ನೀರಿನಲ್ಲಿ ಕೈಯಾಡಿಸಿದಳು, ಬಗ್ಗಿ ನೋಡಿದಳು, ಹಂಡೆಯ ಹಿಂದೆಯೂ ಹುಡುಕಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಹುಣಸೆಹುಳಿ ಕುದಿಯುವ ವಾಸನೆ ಬಂತು. ಅವಳು ಒಳಗೆ ಓಡಿದಳು.

ಆ ಬೇಸಿಗೆಯಲ್ಲಿ ಬೋನಾಳದ ಕೆರೆಯ ಮೀನುಗಳಿಗೆ ಮೈತುಂಬ ಬಿಳಿ ಹುಣ್ಣಾಗಿತ್ತು. ಕೆಲವು ಸತ್ತು ತೇಲಿದವು. ಕೆಲವಕ್ಕೆ ಹುಣ್ಣು ತಾನೇ ಮಾಯಿತು. ಮನೆಗೆ ಮೀನು ತರುತ್ತಿದ್ದ ಲಾಲಮ್ಮ, ಮದ್ದಿಲ್ಲದೆ ಹೇಗೆ ಮಾಯಿತು ಎಂದು ಕೇಳಿದ್ದಳು. ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಮಮ್ತಾಜ, ರಜೆಗೆಂದು ಸೂಕ್ಷ್ಮದರ್ಶಕವನ್ನು ಎರವಲು ತಂದವಳು, ತನಗೆ ಹೊಳೆದ ಉತ್ತರವನ್ನು ತನ್ನ ಅಧ್ಯಾಪಕಿಗೆ ಬರೆದಳು: ರೋಗವನ್ನು ಹಿಡಿದು ನುಂಗುವ ಕಣಗಳು ಮನುಷ್ಯರಲ್ಲಿರುವಂತೆ ಮೀನಿನ ಮೈಯಲ್ಲೂ ಇರಬೇಕು. ಬರೆದರಾಗದು, ಗಾಜಿನ ಮೇಲೆ ತಂದು ತೋರಿಸು ಎಂದು ಉತ್ತರ ಬಂತು. ತೋರಿಸಿದರೆ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ಉಳಿದಿರುವ ಒಂದೇ ಮೇಜು ಅವಳದು. ಯಾದಗಿರಿಯಿಂದ ಅವಳ ರೈಲು ನಾಳೆಯೇ ಇತ್ತು.

ರೋಗದ ಕ್ರಿಮಿ ಸೂಕ್ಷ್ಮದರ್ಶಕದಲ್ಲೂ ಕಣ್ಣಿಗೆ ಸರಿಯಾಗಿ ಬೀಳದಷ್ಟು ಚಿಕ್ಕದು. ಕಾಣುವಂಥ ಹೊರಗಿನ ವಸ್ತುವೊಂದು ಬೇಕಿತ್ತು. ಅಮ್ಮ ಕಾಡಿಗೆಗೆಂದು ಹರಳೆಣ್ಣೆ ದೀಪದಿಂದ ಹಿಡಿದಿಟ್ಟ ಮಸಿಯನ್ನು ಮಮ್ತಾಜ ಕದ್ದಳು, ಕಾಸಿ ಆರಿಸಿದ ಉಪ್ಪುನೀರಿನಲ್ಲಿ ಅರೆದಳು, ಊರ ದವಾಖಾನೆಯ ಕಂಪೌಂಡರನ ಸೂಜಿಯಿಂದ ಕೆರೆಯ ಮೂರು ಮರಲ ಮೀನುಗಳ ಹೊಟ್ಟೆಗೆ ಚುಚ್ಚಿದಳು. ಮೊದಲನೆಯದು ಸೂಜಿ ತಾಗಿದೊಡನೆ ಪ್ರಾಣ ಬಿಟ್ಟಿತು. ಎರಡನೆಯದು ಹಂಡೆಯಿಂದ ಜಿಗಿದು ನೆರೆಮನೆಯ ಬೆಕ್ಕಿಗೆ ಹಬ್ಬ ಮಾಡಿಸಿತು. ಮೂರನೆಯದು ಮೂರು ದಿನ, ಏನೂ ಆಗಿಲ್ಲವೆಂಬಂತೆ, ಗತ್ತಿನಿಂದ ಸುತ್ತು ಹಾಕುತ್ತಿತ್ತು. ಅದನ್ನು ಸೀಳಿ ನೋಡುವ ದಿನ ಇವತ್ತು.

ಇವತ್ತೇ ಶಾಲೆ ತಪಾಸಣೆಯ ಸಾಹೇಬರು ಸುರಪುರದಿಂದ ಹೇಳದೆ ಕೇಳದೆ ಬಂದಿಳಿದಿದ್ದರು. ಊರ ಶಾಲೆಯ ಮಾಸ್ತರರಾದ ಅಪ್ಪ ಮೈನುದ್ದೀನ ಹೊರಗಿನ ಕಟ್ಟೆಯಲ್ಲಿ ಅವರಿಗೆ ಗಾಳಿ ಹಾಕುತ್ತಿದ್ದರು. ಒಳಗೆ ಅಮ್ಮ ಕುಬ್ರಾಬೇಗಂ ಅವರ ಊಟದ ಮೀನಿನ ಸಾರಿಗೆ ಉಪ್ಪು ನೋಡುತ್ತಿದ್ದಳು.

"ಮೂರು ದಿನದಿಂದ ಸುಮ್ನ ಈಜಾಕತ್ತಿತ್ತು," ಎಂದಳು ಅಮ್ಮ, ಮಗಳ ಮುಖ ನೋಡಿ. "ಕಾಲೇಜಿನ ಮೀನ ಅಂತ ಅದರ ಹಣಿ ಮ್ಯಾಲ ಬರದಿತ್ತೇನು?"

ಮಮ್ತಾಜ ಹೊಸ್ತಿಲ ಮೇಲೆ ಕುಸಿದು ಕೂತಳು. ಆಗ ಮೀನು ಸೀಳಿಕೊಟ್ಟು ಮೂಲೆಯಲ್ಲಿ ಕೈ ತೊಳೆಯುತ್ತಿದ್ದ ಲಾಲಮ್ಮ ಅವಳ ಮುಂದೆ ಒಂದು ಬಟ್ಟಲು ತಂದಿಟ್ಟು ಮುಚ್ಚಳ ತೆಗೆದಳು.

"ಮೂವತ್ತು ವರ್ಷ ಆತು ಮೀನ ಸೀಳಾಕತ್ತು. ಬೆನ್ನೆಲುಬಿನ ಕೆಳಗಿಂದು ಈ ಕೆಂಪನ ಪಟ್ಟಿ ಹಿಂಗ ಕರ್ರಗಿದ್ದದ್ದು ನೋಡಿಲ್ಲವ್ವ. ನಿನಗ ಬೇಕಾದೀತು ಅಂತ ತಗದಿಟ್ಟೆ. ನೀ ಬರೇ ನೀರಾಗ ಇಡಂಗಿಲ್ಲಲ್ಲ, ಉಪ್ಪುನೀರಾಗ ಇಟ್ಟೀನಿ."

ಅದು ಮೀನಿನ ಮೂತ್ರಪಿಂಡ, ನುಂಗುವ ಕಣಗಳು ಗುಂಪಾಗಿ ನೆಲೆಸುವ ಜಾಗ. ಮಮ್ತಾಜ ಲಾಲಮ್ಮನನ್ನು ತಬ್ಬಿಕೊಂಡ ರಭಸಕ್ಕೆ ತನ್ನ ಓಢಣಿಗೆಲ್ಲ ಮೀನಿನ ಹುರುಪೆ ಅಂಟಿತು.

ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕವನ್ನು ಇಟ್ಟು, ಮೂತ್ರಪಿಂಡದಿಂದ ಹಿಂಡಿದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಉಸಿರು ಹಿಡಿದು ನೋಡಿದಳು. ಅವರೆಕಾಳಿನಂಥ ಕೆಂಪು ಕಣಗಳ ನಡುವೆ ದೊಡ್ಡ ದೊಡ್ಡ ಬಣ್ಣವಿಲ್ಲದ ಕಣಗಳು, ಒಂದೊಂದರ ಹೊಟ್ಟೆಯಲ್ಲೂ ಕಾಡಿಗೆಯ ಚುಕ್ಕೆ. ಒಂದಂತೂ ಹೊರಗೆ ಬಿದ್ದ ಮಸಿಯ ಕಡೆಗೆ ಮೈಯನ್ನೇ ಕೈಯಾಗಿ ಚಾಚಿತ್ತು. ಮಮ್ತಾಜ ನಗತೊಡಗಿದಳು, ನಿಲ್ಲಿಸಲು ಆಗಲಿಲ್ಲ. ಲಾಲಮ್ಮ ನೋಡಿದಳು, ಅವಳೂ ನಕ್ಕಳು. ಅಮ್ಮ ಸೌಟು ಹಿಡಿದೇ ಬಂದು ನೋಡಿದಳು, ತನ್ನ ಕಾಡಿಗೆಯನ್ನು ಅಲ್ಲಿಯೂ ಗುರುತಿಸಿ ಮಗಳ ಕಿವಿ ಹಿಂಡಿದಳು, ಮತ್ತೊಮ್ಮೆ ನೋಡಿದಳು.

"ಕಣ್ಣಿಲ್ಲ, ಮೂಗಿಲ್ಲ," ಎಂದಳು ಲಾಲಮ್ಮ. "ಇದು ನಮ್ಮದಲ್ಲ, ಹೊರಗಿಂದು ಅಂತ ಹೆಂಗ ಗುರುತು ಹಿಡಿತಾವ?"

"ಮುಟ್ಟಿ ತಿಳಕೊಂತಾವ ಕಾಕಿ. ಹೊರಗಿಂದು ಒಳಗ ಬಂದ್ರ ರಕ್ತದಾಗಿನ ಏನೋ ಒಂದು ಅದಕ್ಕ ಮೆತ್ತಿಕೊಂತದಂತ. ಮೆತ್ತಿದ್ದನ್ನ ಇವು ಹಿಡಿದು ನುಂಗತಾವ. ಅದರ ಮುಂದ ಯಾರಿಗೂ ಗೊತ್ತಿಲ್ಲ."

ಯಾರಿಗೂ ಗೊತ್ತಿಲ್ಲ ಎನ್ನುವಾಗ ಅವಳ ಮುಖ ಹಬ್ಬದ ಮುಖವಾಗಿತ್ತು.

ಗಾಜಿನ ಮೂರು ತುಂಡುಗಳ ಮೇಲೆ ಸವರಿ, ಒಣಗಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ ಭದ್ರ ಮಾಡುವವರೆಗೆ ಮೂವರೂ ಅಲ್ಲಿಂದ ಕದಲಲಿಲ್ಲ. ಊಟ ಏನಾಯಿತೆಂದು ಅಪ್ಪ ಎರಡು ಸಲ ಬಾಗಿಲಿಗೆ ಬಂದು ಕೆಮ್ಮಿ ಹೋದರು.

ಮೀನಿನೊಳಗೆ ಇರುವಂಥವು ತನ್ನೊಳಗೂ ಇರುತ್ತವೆಯೇ ಎಂದು ಲಾಲಮ್ಮ ಮೆಲ್ಲಗೆ ಕೇಳಿದಳು. ಇರುತ್ತವೆ, ಹಗಲೂ ರಾತ್ರಿ ಅದೇ ಕೆಲಸ ಎಂದಳು ಮಮ್ತಾಜ. ಲಾಲಮ್ಮ ಮುಳ್ಳು ಗೀರಿದ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಷ್ಟು ಮಂದಿ ಒಳಗ ದುಡಿಯಾಕತ್ತಾರ. ನಾ ಮುಂಜಾನಿಂದ ಒಂದು ತುತ್ತು ಹಾಕಿಲ್ಲ ಅವರಿಗೆ."

ಕುಬ್ರಾಬೇಗಂ ಅವಳನ್ನು ಭುಜ ಹಿಡಿದು ಕೂರಿಸಿದಳು. ಸಾಹೇಬರಿಗೆಂದು ತೆಗೆದಿಟ್ಟಿದ್ದ ತಾಟನ್ನೇ ಮುಂದಿಟ್ಟು, ಬಿಸಿ ರೊಟ್ಟಿ ಹಾಕಿ, ಮೀನಿನ ತಲೆಯ ಭಾಗವನ್ನು ಸಾರಿನ ಸಮೇತ ಬಡಿಸಿದಳು. ಹೊರಗೆ ಅಪ್ಪ ಮೂರನೆಯ ಸಲ ಕೆಮ್ಮಿದರು. ಇನ್ನೊಂದು ಚಣ ತಡೀರಿ ಎಂದು ಮಮ್ತಾಜ ಒಳಗಿನಿಂದಲೇ ಕೂಗಿ, ಲಾಲಮ್ಮನಿಗೆ ನೀರು ತರಲು ಎದ್ದಳು.