ಅರ್ಧಕ್ಕೆ ನಿಲ್ಲುವ ನೀರು

ಬೆಳಿಗ್ಗೆ ಏಳಕ್ಕೆ ಯಾದಗಿರಿಯ ಕಚೇರಿ ಅಂಗಳದಲ್ಲಿ ಮೌನಪ್ಪ ಬಸ್ಸಿನ ನೀರಿನ ಟಾಕಿ ತುಂಬಿಸಿದ. ಹಳ್ಳಿಯ ಹೆಣ್ಣುಮಕ್ಕಳ ತಪಾಸಣೆಗೆಂದು ಸಂಸ್ಥೆಯೊಂದು ಓಡಿಸುತ್ತಿದ್ದ ಬಸ್ಸು ಅದು. ಒಳಗೆ ಒಂದು ಮಂಚ, ಒಂದು ಶೌಚಾಲಯ, ಕೈ ತೊಳೆಯುವ ನಲ್ಲಿ. ಹಿಂದಿನ ಸೀಟುಗಳಿದ್ದ ಜಾಗದಲ್ಲಿ ಐನೂರು ಲೀಟರಿನ ಕರಿ ಟಾಕಿ. ನೀರು ಕಂಠಮಟ ಬಂದ ಮೇಲೆ ಮೌನಪ್ಪ ಮುಚ್ಚಳ ಹಾಕಿದ. ಮುಚ್ಚಳದ ತೂತಿನಲ್ಲಿ ಸಿಕ್ಕಿಸಿದ್ದ ಹಸಿರು ಪೈಪನ್ನು ಎಂದಿನಷ್ಟೇ ಒಳಕ್ಕೆ ದೂಡಿ, ಅದರ ಇನ್ನೊಂದು ತುದಿ ನೆಲದ ಸಂದಿಯಿಂದ ಹೊರಗೆ ಇಳಿದಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ.

"ಸಿಸ್ಟರ್, ಇವತ್ತ ಶಹಾಪುರದಾಗ ಚಾಕ್ಕ ನಿಲ್ಲಸಂಗಿಲ್ರಿ. ಸೀದಾ ದೇವಾಪುರ."

ನರ್ಸ್ ಪಂಚಶೀಲಾ ತಲೆ ಎತ್ತಿದಳು. "ನಾ ಏನರ ಅಂದೆನೇನು, ಮೌನಪ್ಪಣ್ಣ?"

"ಅಂದಿದ್ರ ಛಲೋ ಇತ್ರಿ" ಎಂದು ಅವನು ಸ್ಟೇರಿಂಗಿಗೆ ಹೋಗಿ ಕೂತ.

ಮೂರು ವಾರದಿಂದ ಹೀಗೇ ಆಗಿತ್ತು. ಯಾದಗಿರಿ ಬಿಡುವಾಗ ತುಂಬಿದ ಟಾಕಿ ಸುರಪುರ ದಾಟುವಷ್ಟರಲ್ಲಿ ಅರ್ಧವಾಗುತ್ತಿತ್ತು. ಹೋದ ವಾರ ಬೋರಿಲ್ಲದ ಹಳ್ಳಿಯೊಂದರಲ್ಲಿ ನಾಟಿ ಕೆಲಸ ಬಿಟ್ಟು ಬಂದ ಇಪ್ಪತ್ತು ಹೆಂಗಸರನ್ನು ನೀರಿಲ್ಲವೆಂದು ವಾಪಸ್ ಕಳಿಸಬೇಕಾಯಿತು. ಭಾನುವಾರ ಇಡೀ ದಿನ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಒಂದು ಹನಿ ಕಡಿಮೆಯಾಗಿರಲಿಲ್ಲ. ದಾರಿಯಲ್ಲಿ ಬಸ್ಸು ನಿಲ್ಲುತ್ತಿದ್ದದ್ದು ಶಹಾಪುರದ ಸಾಬೇರಾಳ ಚಹಾ ಹೋಟೆಲಿನ ಮುಂದೆ ಮಾತ್ರ. ಅವಳ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಕಚೇರಿಯ ಸಾಹೇಬರು ಎರಡನ್ನೂ ಕೂಡಿಸಿದರು. ಮೌನಪ್ಪನನ್ನು ಬಿಡಿಸಿ ಬೇರೆ ಡ್ರೈವರನನ್ನು ಹಾಕುವಂತೆ ಪತ್ರ ಸಿದ್ಧವಾಗಿತ್ತು. ಅದು ಪಂಚಶೀಲಾಳ ಚೀಲದಲ್ಲೇ ಇತ್ತು. ಸಂಜೆಗೆ ಅವಳ ಸಹಿ ಬೀಳಬೇಕು. ಹನ್ನೊಂದು ವರ್ಷ ಗಾಡಿ ಓಡಿಸಿದವನಿಗೆ ನೀರುಗಳ್ಳನೆಂಬ ಹೆಸರು ಅಂಟಿದರೆ ಮುಂದೆ ಯಾರು ಕೀಲಿ ಕೊಟ್ಟಾರು?

ಶಹಾಪುರದಲ್ಲಿ ಸಾಬೇರಾ ಬಾಗಿಲಿಗೆ ಬಂದು ಕೈ ಎತ್ತಿದಳು. ಬಸ್ಸು ನಿಲ್ಲಲಿಲ್ಲ. ಸುರಪುರದ ಹತ್ತಿರ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಏನೋ ಕೂಗಿ ಕೆಳಗೆ ಕೈ ತೋರಿಸಿದ.

"ಏನಂತ?"

"ಏಸಿ ನೀರು ಸೋರತೈತಿ ಅಂತಾರ್ರಿ. ದಿನಾ ಯಾರರ ಒಬ್ರು ಅಂತಾರ."

ದೇವಾಪುರದ ಶಾಲೆಯ ಮುಂದೆ ಬಸ್ಸು ನಿಂತ ಕೂಡಲೇ ಪಂಚಶೀಲಾ ಮುಚ್ಚಳ ತೆಗೆದಳು. ನೀರು ಅರ್ಧಕ್ಕೆ ಇಳಿದಿತ್ತು. ಎಲ್ಲೂ ನಿಲ್ಲದ ಬಸ್ಸಿನಿಂದ ಯಾರೂ ನೀರು ಕದ್ದಿರಲಾರರು. ಅವಳ ಎದೆ ಹಗುರಾಯಿತು. ಆದರೆ ಇದನ್ನು ಸಾಹೇಬರು ನಂಬಬೇಕಲ್ಲ? ಟಾರ್ಚ್ ಬಿಟ್ಟು ನೋಡಿದಳು. ಟಾಕಿಯ ಒಳಗೋಡೆಯ ಮೇಲೆ ನೀರು ನಿಂತಲ್ಲೇ ಹಳೆಯ ಉಪ್ಪುಗೆರೆಯೊಂದಿತ್ತು. ಪ್ರತಿ ಸಲವೂ ನೀರು ಅದೇ ಗೆರೆಗೇ ಬಂದು ನಿಂತಿದೆ. ಏಕೆ?

ಹೊರಗೆ, ಸಾಲಿನಲ್ಲಿ ಮೊದಲಿದ್ದ ರತ್ನಾಬಾಯಿ ಬಸ್ಸಿನ ಹಿಂದಿನ ಗಾಲಿ ನೋಡುತ್ತಿದ್ದಳು. ನಾಟಿ ಗದ್ದೆಯಿಂದ ಬಂದವಳು. ಸೀರೆಯ ನೆರಿಗೆ ಇನ್ನೂ ಎತ್ತಿ ಕಟ್ಟಿತ್ತು.

"ಏನೋ ಡ್ರೈವರ್ ತಮ್ಮಾ, ಹಳ್ಳ ದಾಟಿ ಬಂದೇನು? ಗಾಲಿ ತೊಯ್ದು ರಾಡಿ ಆಗೇತಲ್ಲ!"

"ಎಲ್ಲೀ ಹಳ್ಳ ಯಕ್ಕಾ, ದಾರಿ ತುಂಬಾ ಧೂಳು."

"ಮತ್ತ ಈ ಪೈಪ್ ಯಾತರದು? ತುದ್ಯಾಗ ಹನಿ ಬೀಳಾಕತ್ತೇತಿ. ಆ ಕಡಿ ತುದಿ ಎಲ್ಲೈತಿ?"

"ಟಾಕ್ಯಾಗ ಐತಿ."

"ನೀರಾಗ ಮುಳುಗಸೀ ಏನು?"

ಮೌನಪ್ಪ ಹೂಂ ಎಂದು ತಲೆ ಆಡಿಸಿದ. ರತ್ನಾಬಾಯಿ ಸಾಲಿನ ಹೆಂಗಸರ ಕಡೆ ತಿರುಗಿ ನಕ್ಕಳು.

"ನೋಡ್ರೆವ್ವಾ ಇವನ ಶ್ಯಾಣೇತನ! ನಾವು ಕಾಲುವಿ ದಂಡಿ ಮ್ಯಾಲಿಂದ ಪೈಪ್ ಇಳಬಿಟ್ಟು ಗದ್ದಿಗೆ ನೀರು ಎಳೀತೀವಲ್ಲ, ಇಂವ ಬಸ್ಸಿನಿಂದ ರೋಡಿಗೆ ಎಳ್ದಾನ. ಒಮ್ಮೆ ಪೈಪ್ ತುಂಬಿ ಹರಿಯಾಕ ಹತ್ತಿದ್ರ ನೀರಾಗಿನ ತುದಿ ಬಯಲಾಗೂತನಕ ಬಿಡತೈತೇನು?"

ಪಂಚಶೀಲಾ ಪೈಪನ್ನು ಮೇಲೆಳೆದಳು. ಒಳಗಿದ್ದ ಭಾಗ ಎರಡು ಗೇಣಿತ್ತು. ಅದನ್ನು ಹೊರಗಿನಿಂದ ಟಾಕಿಗೆ ಹಚ್ಚಿ ಅಳೆದರೆ ಅದರ ತುದಿ ಸರಿಯಾಗಿ ಉಪ್ಪುಗೆರೆಗೇ ಬರುತ್ತಿತ್ತು.

ಆದರೂ ಕಣ್ಣಾರೆ ನೋಡಬೇಕೆನಿಸಿತು. ಪೈಪನ್ನು ಮೊದಲಿನಂತೆಯೇ ಇಳಿಬಿಟ್ಟು, ಶಾಲೆಯ ಬೋರಿನಿಂದ ಟಾಕಿಯನ್ನು ಕಂಠಮಟ ತುಂಬಿಸಿದರು. ಬಸ್ಸು ನಿಂತೇ ಇದ್ದಾಗ ಪೈಪಿನಿಂದ ಏನೂ ಬರಲಿಲ್ಲ. ಮೌನಪ್ಪ ಶಾಲೆಯ ಮುಂದಿನ ರಸ್ತೆ ಉಬ್ಬಿನ ಮೇಲೆ ಬಸ್ಸು ಹತ್ತಿಸಿ ಇಳಿಸಿದ. ಟಾಕಿಯ ನೀರು ತುಳುಕಿ ಪೈಪಿಗೆ ಏರಿತು.

"ಬಂತು, ಬಂತು!" ಹಿಂದೆ ನಡೆದು ಬರುತ್ತಿದ್ದ ರತ್ನಾಬಾಯಿ ಕೂಗಿದಳು. ಬಸ್ಸು ನಿಂತ ಮೇಲೂ ಪೈಪಿನಿಂದ ನೀರು ಸಣ್ಣಗೆ ಬೀಳುತ್ತಲೇ ಇತ್ತು. ಪಂಚಶೀಲಾ ಒಳಗಿನ ತುದಿಯನ್ನು ನೀರಿನಿಂದ ಮೇಲೆತ್ತಿದಳು. ಗುಳುಗುಳು ಎಂದು ನಿಂತಿತು.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನೀರು ಚೆಲ್ಲಿ ಮಂಚದ ಕಾಲೆಲ್ಲಾ ಹಸಿ ಆಗತಾವು, ಪೈಪ್ ಹಾಕಿ ಹೊರಗ ಬಿಡು ಅಂತ ನಾನೇ ಹೇಳಿದ್ದೆ, ಅಣ್ಣಾ. ಮೂರು ವಾರ ಆತೇನೋ."

"ಪೈಪ್ ಕಿತ್ತು ಬರಬಾರದಂತ ಎರಡು ಗೇಣು ಒಳಗ ದೂಡಿದಾಂವ ನಾ ಅಲ್ರೇನು?" ಎಂದ ಮೌನಪ್ಪ. ಅವನ ದನಿ ಸಡಿಲವಾಗಿತ್ತು.

"ಇಬ್ರೂ ಕೂಡಿ ರೋಡಿಗೆ ನೀರು ಹಾಯಿಸೀರಿ. ಈಗ ನನ್ನ ನೋಡತೀರೋ ಇಲ್ಲೋ? ನಾಟಿ ನಿಂತೈತಿ" ಎಂದಳು ರತ್ನಾಬಾಯಿ.

ಮೌನಪ್ಪ ಪೈಪಿನ ಹೆಚ್ಚಿನ ಭಾಗ ಕತ್ತರಿಸಿ, ಉಳಿದದ್ದನ್ನು ಮುಚ್ಚಳದ ಅಂಚಿಗೇ ತಂತಿಯಿಂದ ಬಿಗಿದ. ಅಂದು ನಲವತ್ತಮೂರು ಹೆಂಗಸರ ತಪಾಸಣೆಯಾಯಿತು; ಯಾರನ್ನೂ ವಾಪಸ್ ಕಳಿಸಲಿಲ್ಲ. ಕೊನೆಯವಳು ಇಳಿದು ಹೋದ ಮೇಲೆ ಪಂಚಶೀಲಾ ಚೀಲದಿಂದ ಆ ಪತ್ರ ತೆಗೆದಳು. ಅದರ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ "ಪೈಪಿನ ತುದಿ ನೀರಿನಲ್ಲಿ ಮುಳುಗಬಾರದು" ಎಂದು ಬರೆದು, ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಟಾಕಿಗೆ ಅಂಟಿಸಿದಳು. ಮುಂಬದಿ ಟಾಕಿಯ ಕಡೆಗಿತ್ತು.

ವಾಪಸಾಗುವಾಗ ಶಹಾಪುರದಲ್ಲಿ ಅವಳೇ ಬಸ್ಸು ನಿಲ್ಲಿಸಲು ಹೇಳಿದಳು.

"ಏನ್ ಮೌನಪ್ಪ ಭಾಯಿ, ಮುಂಜಾನಿ ಭರ್ ಅಂತ ಹೋಗಿಬಿಟ್ರಿ?" ಸಾಬೇರಾ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅವನ ತಪ್ಪಲ್ಲಮ್ಮ, ನಮ್ಮದು" ಎಂದಳು ಪಂಚಶೀಲಾ. "ಟಾಕಿ ನೀರು ನಿನ್ನ ಹೋಟೆಲಿಗೆ ಬರತೈತಿ ಅಂತ ಕಚೇರ್ಯಾಗ ತಿಳದಿದ್ದಿವಿ."

ಸಾಬೇರಾ ಗ್ಲಾಸುಗಳಿಗೆ ಚಹಾ ಸುರಿದಳು.

"ನನ್ನ ಚಾದಾಗ ನೀರೇ ಜಾಸ್ತಿ ಅಂತ ಮಂದಿ ಅಂತಾರ. ಆ ನೀರು ನಿಮ್ಮದಂತ ಮಾಡೀರೇನು?"

ಮೌನಪ್ಪ ನಕ್ಕ. ನಗುತ್ತಾ ಕೆಮ್ಮು ಬಂತು. ಮೂರು ವಾರದಿಂದ ಪಂಚಶೀಲಾ ಆ ನಗು ಕೇಳಿರಲಿಲ್ಲ. ಅವಳು ಬೆಂಚಿನ ಮೇಲೆ ಅವನ ಪಕ್ಕ ಕೂತು, ಮೊದಲ ಗ್ಲಾಸನ್ನು ಅವನ ಕಡೆಗೆ ಸರಿಸಿದಳು.