ಬಿಗಿದ ಬಲೆ

ಇಪ್ಪತ್ತಾರು ವರ್ಷ ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದ ಕಾಲೇಜಿನ ಕ್ರೀಡಾ ನಿರ್ದೇಶಕರಿಗೆ ಕೊನೆಗೂ ಒಂದು ದೊಡ್ಡ ಕುರ್ಚಿ ಕಣ್ಣಿಗೆ ಬಿದ್ದಿತ್ತು. ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಹುದ್ದೆ, ಕೈಕೆಳಗೆ ನಲವತ್ತು ಕಾಲೇಜು. ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ ಬಿಡಿ. ಬಿಸಿಲಲ್ಲಿ ನಿಂತು ಕಂಡವರ ಮಕ್ಕಳನ್ನು ಓಡಿಸಿದವನಿಗೆ ಒಂದು ದಿನ ಫ್ಯಾನಿನ ಕೆಳಗೆ ಕೂರಬೇಕು ಅನ್ನಿಸದೆ ಇರುತ್ತದೆಯೇ? ತಪ್ಪು ಆದದ್ದು ಬೇರೆ ಕಡೆ.

ಆಯ್ಕೆ ಸಮಿತಿ ಮೈದಾನ ನೋಡಲು ಬಂತು. ಓಟದ ಗೆರೆಗಳನ್ನು ನೋಡಿ ಸಮಿತಿಯ ಅಧ್ಯಕ್ಷರು ತಲೆದೂಗಿದರು. ಹ್ಯಾಮರ್ ಎಸೆಯುವ ಜಾಗಕ್ಕೆ ಬಂದಾಗ ಮಾತ್ರ ಮುಖ ಸಿಂಡರಿಸಿದರು. ತಂತಿಯ ತುದಿಯ ನಾಲ್ಕು ಕೆಜಿ ಕಬ್ಬಿಣದ ಗುಂಡನ್ನು ಹುಡುಗಿಯರು ಗಿರಗಿರನೆ ತಿರುಗಿಸಿ ಎಸೆಯುವ ಆಟ ಅದು. ಕೈ ತಪ್ಪಿದ ಗುಂಡು ಯಾರ ಮೇಲೂ ಬೀಳದಿರಲೆಂದು ಸುತ್ತ ಕಂಬ ನೆಟ್ಟು ಬಲೆ ಕಟ್ಟಿರುತ್ತಾರೆ.

"ಇದೇನ್ರೀ, ಹಳೇ ಸೊಳ್ಳೆ ಪರದೆ ಥರ ಜೋತು ಬಿದ್ದಿದೆ? ನೀಟಾಗಿ ಎಳೆದು ಕಟ್ಟಕ್ಕಾಗಲ್ವಾ? ನಾಳೆ ಫೋಟೋ ತೆಗೆಯೋರು ಬರ್ತಾರೆ," ಅಂದರು ಅಧ್ಯಕ್ಷರು.

ಬಲೆ ಜೋತು ಬಿದ್ದಿದ್ದರೇ ಸರಿ. ಸಡಿಲ ಬಲೆ ಗುಂಡಿನ ವೇಗವನ್ನು ನುಂಗಿ ಅದನ್ನು ಅಲ್ಲೇ ಕೆಡವುತ್ತದೆ. ಬಿಗಿದ ಬಲೆ ಎಸೆದವಳ ಕಡೆಗೇ ಅದನ್ನು ವಾಪಸ್ ಒದೆಯುತ್ತದೆ. ಪ್ರತಿ ವರ್ಷ ಮಕ್ಕಳಿಗೆ ಈ ಪಾಠ ಹೇಳಿದವರು ಇದೇ ನಿರ್ದೇಶಕರು. ಹೇಳಲೆಂದು ಬಾಯಿ ತೆರೆದರು, ಅಧ್ಯಕ್ಷರ ಕೈಯಲ್ಲಿದ್ದ ಪೆನ್ನು ನೋಡಿದರು. "ಆಗ್ಲಿ ಸಾರ್," ಅಂದರು.

ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಮುದುಕನನ್ನು ಎಲ್ಲರೂ ಸುಣ್ಣದಜ್ಜ ಅನ್ನುತ್ತಿದ್ದರು. ಬಿಗಿಯಲು ಹೇಳಿದಾಗ ಅಜ್ಜ ಹಗ್ಗ ಹಿಡಿದು ಹಾಗೇ ನಿಂತ. "ಬಿಗೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್?"

"ಫೋಟೋಗೆ ಕಣಜ್ಜ. ಆಮೇಲೆ ಬಿಚ್ಚಿದ್ರಾಯ್ತು."

ಫೋಟೋ ಆದ ಸಂಜೆಯೇ ಬಿಚ್ಚಿಸಿದರು ಅನ್ನಿ. ಹುದ್ದೆಯೂ ಬಂತು. ಹೊಸ ಕಚೇರಿಗೆ ಹೋದ ಮೊದಲ ವಾರವೇ ಸಹಿಗಾಗಿ ಮೇಜಿನ ಮೇಲೆ ಒಂದು ಪುಸ್ತಕ ಬಂದು ಕೂತಿತ್ತು. ಎಲ್ಲ ಕಾಲೇಜುಗಳಿಗೂ ಹೋಗಬೇಕಾದ ಮಾದರಿ ಮೈದಾನದ ಕೈಪಿಡಿ. ರಟ್ಟಿನ ಮೇಲೆ ಅಧ್ಯಕ್ಷರೇ ಮೆಚ್ಚಿ ಆರಿಸಿದ ಫೋಟೋ, ಅದರಲ್ಲಿ ಸೆಟೆದು ನಿಂತ ಬಲೆ. ಬಂದ ವಾರದಲ್ಲೇ ನನ್ನ ಮೈದಾನವೇ ತಪ್ಪು ಎಂದು ಹೇಳಿಕೊಳ್ಳಲು ಯಾರಿಗೆ ನಾಲಿಗೆ ಏಳುತ್ತದೆ? ಸಹಿ ಹಾಕಿಬಿಟ್ಟರು.

ಆಮೇಲೆ ಒಂದೊಂದಾಗಿ ಉತ್ತರ ಬರತೊಡಗಿದವು. ತಮ್ಮ ಮಾದರಿಯಂತೆ ಬಲೆಯನ್ನು ಬಿಗಿಗೊಳಿಸಲಾಗಿದೆ. ಹತ್ತು ಕಾಲೇಜು, ಇಪ್ಪತ್ತು, ಮೂವತ್ತೊಂದು. ಎರಡು ಸಾಲಿನ ತಿದ್ದುಪಡಿ ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಆ ಎರಡು ಸಾಲನ್ನು ನಾಲ್ಕು ಸಲ ಬರೆದರು, ನಾಲ್ಕು ಸಲವೂ ಹರಿದರು. ಆರು ತಿಂಗಳಾಗಿ ಕೆಲಸ ಕಾಯಂ ಆಗಲಿ, ಆಮೇಲೆ ನೋಡೋಣ. ಬೆಳಗ್ಗೆ ಪೇಪರ್ ಬಂದರೆ ಮೊದಲು ಆಟದ ಪುಟ ತೆಗೆಯುತ್ತಿದ್ದವರು ಈಗ ಅಪಘಾತದ ಸುದ್ದಿ ಹುಡುಕುತ್ತಿದ್ದರು. ಇಲ್ಲದ ದಿನ ಕಾಫಿ ರುಚಿಸುತ್ತಿತ್ತು.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಕ್ಕನ ಮಗಳೂ ಹ್ಯಾಮರ್ ಎಸೆಯುವವಳೇ, ಆ ಹುಚ್ಚು ಹಿಡಿಸಿದ್ದು ಈ ಮಾವನೇ, ಕಲಿತದ್ದು ಮಾತ್ರ ತನ್ನ ಕಾಲೇಜಿನಲ್ಲಿ.

"ಮಾವ, ನಿಮ್ಮ ಪುಸ್ತಕ ನೋಡಿ ನಮ್ಮ ಕಾಲೇಜಲ್ಲೂ ಬಲೆ ಬಿಗಿದ್ರು. ಬೆರಳಲ್ಲಿ ಮೀಟಿದ್ರೆ ಠಂಯ್ ಅನ್ನುತ್ತೆ! ಮಂಗಳವಾರ ಅಲ್ಲೇ ನಮ್ಮ ಸೆಲೆಕ್ಷನ್. ಕ್ಲಾಸಿಗೊಬ್ಬಳು, ನಮ್ಮ ಕ್ಲಾಸಿಂದ ನಾನೇ."

ತುತ್ತು ಗಂಟಲಲ್ಲೇ ಸಿಕ್ಕಿಕೊಂಡಿತು. ಅಕ್ಕ ಬೆನ್ನು ತಟ್ಟಿ ನೀರು ಕೊಟ್ಟಳು. "ನಿಧಾನ ತಿನ್ನೋ. ಎಷ್ಟು ದೊಡ್ಡ ಆಫೀಸರ್ ಆದ್ರೂ ಊಟ ಮಾಡೋದು ಮಾತ್ರ ಬರ್ಲಿಲ್ಲ ನಿಂಗೆ."

ಕೈ ತೊಳೆಯುವಾಗ ಹುಡುಗಿಯನ್ನು ಹತ್ತಿರ ಕರೆದರು. "ಮಂಗಳವಾರ ನೀನು ಎಸೀಬೇಡ. ಭುಜ ನೋವು ಅಂತ ಹೇಳ್ಬಿಡು."

"ನನ್ನ ಭುಜಕ್ಕೇನಾಗಿದೆ?"

"ನಿನ್ನ ಮಾವ ಹೇಳ್ತಿದೀನಿ, ಕೇಳು. ಯಾಕೆ ಅಂತ ಆಮೇಲೆ ಹೇಳ್ತೀನಿ."

ಮುಖ ಊದಿಸಿಕೊಂಡೇ ಅವಳು ಒಪ್ಪಿದಳು. ನಿರ್ದೇಶಕರು ಹಗುರಾಗಿ ಮನೆಗೆ ಹೋದರು. ಥೂ, ಅದೂ ಒಂದು ನೆಮ್ಮದಿಯೇ! ಉರಿಯುವ ಮನೆಯಿಂದ ತಮ್ಮವಳನ್ನು ಮಾತ್ರ ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು. ಆ ಕಾಲೇಜಿಗೆ ಒಂದು ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಸೋಮವಾರ ಅವರೂ ಫೋನ್ ಕೈಗೆತ್ತಿಕೊಂಡಿದ್ದರು. ನಂಬರ್ ಒತ್ತಿ, ಆ ಕಡೆ ರಿಂಗ್ ಆಗುವ ಮೊದಲೇ ಇಟ್ಟರು.

ಮಂಗಳವಾರ ಮಧ್ಯಾಹ್ನ ಅಕ್ಕನ ಮಗಳೇ ಫೋನ್ ಮಾಡಿದಳು.

"ಮಾವ, ನನ್ನ ಜಾಗಕ್ಕೆ ನನ್ನ ಫ್ರೆಂಡನ್ನ ಇಳಿಸಿದ್ರು. ಅವಳು ಹೊಸಬಳು, ಕೈ ತಪ್ತು. ಗುಂಡು ಬಲೆಗೆ ಬಡಿದು ವಾಪಸ್ ಬಂತು."

"ನಿಂಗೇನೂ ಆಗಿಲ್ಲ ತಾನೇ?" ಬಾಯಿಂದ ಮೊದಲು ಬಂದದ್ದು ಆ ಮಾತೇ.

"ಆಸ್ಪತ್ರೇಲಿದೀವಿ. ಅವಳ ಮುಖಕ್ಕೂ ಬಟ್ಟೆ ಹೊದಿಸ್ಬಿಟ್ಟಿದಾರೆ ಮಾವ. ಅವರಮ್ಮ ನನ್ನ ಕೈ ಬಿಡ್ತಿಲ್ಲ. ಬೆಳಗ್ಗೆ ನಿನ್ನ ಸರದಿ ಇತ್ತಲ್ಲ, ನೀನ್ಯಾಕೆ ಎಸೀಲಿಲ್ಲ ಅಂತ ಕೇಳ್ತಾನೇ ಇದಾರೆ. ನಂಗೆ ಗೊತ್ತಿಲ್ಲ, ನಮ್ಮ ಮಾವಂಗೆ ಗೊತ್ತು ಅಂದೆ."

"ಏ, ತಡಿ, ನನ್ನ ಮಾತು ಕೇಳು..."

"ಅವರಿಗೇ ಕೊಡ್ತೀನಿ. ನೀವೇ ಹೇಳಿ."

ಫೋನು ಕೈ ಬದಲಾಯಿತು. ಅತ್ತು ಅತ್ತು ಒಡೆದುಹೋಗಿದ್ದ ಹೆಂಗಸಿನ ಧ್ವನಿಯೊಂದು, "ಹೇಳಿ ಸಾರ್," ಅಂದಿತು.