ಹರಾಜಿಗೆ ಬಂದ ಸೇಬಿನ ಪೈ

ನನ್ನ ಅಣ್ಣ ಎಲ್ವಿನ್ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಕಾನ್ಸಾಸಿನ ನಮ್ಮ ಊರಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಚರ್ಚಿನ ನೆಲಮಾಳಿಗೆಯಲ್ಲಿ ಪೈ ಹರಾಜು ನಡೆಯುತ್ತದೆ. ಹೆಂಗಸರು ಹಿಟ್ಟಿನ ಹೊದಿಕೆಯೊಳಗೆ ಸೇಬು, ಚೆರ್ರಿ ತುಂಬಿ ಬೇಯಿಸಿ ತರುತ್ತೇವೆ, ಗಂಡಸರು ಬೆಲೆ ಕೂಗುತ್ತಾರೆ. ಕೊಂಡವನು ಪೈಯನ್ನು ಮನೆಗೊಯ್ಯದೆ ಮತ್ತೆ ಹರಾಜಿಗೇ ಕೊಡುತ್ತಾನೆ. ಹಣವೆಲ್ಲ ರೋಗಿಯ ಮನೆಗೆ. ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವನು ನನ್ನಣ್ಣ. ಊರ ಆಸ್ಪತ್ರೆ ಉಳಿಸಲು ಒಂದಿಷ್ಟು ತೆರಿಗೆ ಹಾಕಬಹುದೇ ಎಂದು ಮತಕ್ಕಿಟ್ಟಾಗ ಅಂಗಳದಲ್ಲಿ 'ಬೇಡ' ಎಂಬ ಫಲಕ ನೆಟ್ಟವನೂ ಅವನೇ.

"ಮಾವ, ಆಸ್ಪತ್ರೆ ಮುಚ್ಚಿದ್ರೆ ಏನ್ ಮಾಡ್ತೀರಿ?" ಎಂದು ಅಣ್ಣನ ಸೊಸೆ ಲೊರೀನ್ ಊಟದ ಮೇಜಿನಲ್ಲಿ ಕೇಳಿದಳು.

"ಅದೆಲ್ಲಿಗಮ್ಮ ಹೋಗುತ್ತೆ? ನಮ್ಮಪ್ಪನ ಕಾಲದಿಂದ ಅಲ್ಲೇ ಇದೆ," ಎಂದ ಅಣ್ಣ, ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತಾ. "ತೆರಿಗೆ ಕೊಟ್ರೆ ಯಾರ ಜೇಬಿಗೆ ಹೋಯ್ತೋ ಗೊತ್ತಾಗಲ್ಲ. ಪೈ ಕೊಂಡ್ರೆ ಕಣ್ಣಾರೆ ಕಾಣುತ್ತೆ. ನಮ್ಮೋರನ್ನ ನಾವೇ ನೋಡ್ಕೋತೀವಿ."

"ಹರಾಜು ಆಗೋದು ಎಲ್ಲಾ ಆದ್ಮೇಲೆ, ಮಾವ. ಡಾಕ್ಟರು ಬೇಕಾಗೋದು ಆಗ್ತಿರುವಾಗ."

"ಇವಳನ್ನ ಚುನಾವಣೆಗೆ ನಿಲ್ಸೋ," ಎಂದು ಅಣ್ಣ ಮಗನನ್ನು ಚುಡಾಯಿಸಿದ. ಡೆರಿಲ್ ನಕ್ಕು ಹೆಂಡತಿಯ ತಟ್ಟೆಯಿಂದ ಒಂದು ಚೂರು ಮಾಂಸ ಕದ್ದ. ನಾನೂ ನಕ್ಕೆ. ಇಬ್ಬರ ಮಾತೂ ನನಗೆ ಸರಿಯೆನಿಸುತ್ತಿತ್ತು, ಅದೇ ನನ್ನ ಕಷ್ಟ.

'ಬೇಡ' ಗೆದ್ದಿತು. ಚಳಿಗಾಲ ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಬಾಗಿಲಿಗೆ ಸರಪಳಿ ಬಿತ್ತು.

ಗೋಧಿ ಕಟಾವಿನ ಒಂದು ಮಧ್ಯಾಹ್ನ, ಕಣಜಕ್ಕೆ ಕಾಳು ಏರಿಸುವ ಯಂತ್ರದ ತಿರುಪಿಗೆ ಡೆರಿಲನ ತೋಳು ಸಿಕ್ಕಿತು. ಆಂಬುಲೆನ್ಸ್ ಇನ್ನೆಲ್ಲೋ ಹೋಗಿತ್ತು. ಅಣ್ಣ ಗಾಡಿ ತೆಗೆದ. ಹಿಂದಿನ ಸೀಟಿನಲ್ಲಿ ಲೊರೀನ್ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ನಾನು ತೋಳಿಗೆ ಟವೆಲ್ ಬಿಗಿದು ಹಿಡಿದೆ. ನಿಲ್ಲದ ರಕ್ತವನ್ನು ನೋಡುತ್ತಿದ್ದ ನಮಗಿಬ್ಬರಿಗೂ ಅಣ್ಣ ಯಾವ ಕಡೆ ತಿರುಗಿದ ಎಂದು ತಿಳಿಯಲಿಲ್ಲ. ಗಾಡಿ ನಿಂತಾಗ ತಲೆಯೆತ್ತಿದರೆ ಎದುರಿಗೆ ನಮ್ಮೂರ ಆಸ್ಪತ್ರೆ, ಮೆಟ್ಟಿಲ ತುಂಬ ಒಣಹುಲ್ಲು.

ಅಣ್ಣ ಓಡಿಹೋಗಿ ಬಾಗಿಲು ಗುದ್ದಿದ. ಸರಪಳಿ ಜಗ್ಗಿದ. "ನಾರ್ಮಾ, ಯಾಕೆ ತೆಗೀತಿಲ್ಲ ಇವ್ರು? ಒಳಗ್ಯಾರೂ ಇಲ್ವೇನೇ?" ಎಂದು ನನ್ನನ್ನು ಕೇಳಿದ. ನಿಜವಾಗಿಯೂ ಗೊತ್ತಿಲ್ಲದವನಂತೆ ಕೇಳಿದ. "ಪಟ್ಟಣಕ್ಕೆ ನಡಿ ಅಣ್ಣ!" ಎಂದು ಕೂಗಿದೆ.

ಪಟ್ಟಣದ ಆಸ್ಪತ್ರೆಗೆ ಹೋಗುವ ಹೆದ್ದಾರಿಯಲ್ಲೇ ಡೆರಿಲ್ ಹೋಗಿಬಿಟ್ಟ.

ಮುಂದಿನ ಭಾನುವಾರ ಲೊರೀನಳಿಗಾಗಿ ಹರಾಜಿಟ್ಟರು. ಅಷ್ಟು ಪೈಗಳನ್ನು ನಾನು ಎಂದೂ ಕಂಡಿರಲಿಲ್ಲ, ಮೇಜುಗಳಲ್ಲಿ ಅಂಗೈಯಷ್ಟು ಜಾಗವಿರಲಿಲ್ಲ. ಮೊದಲನೆಯದು ನಾನು ಮಾಡಿದ ಸೇಬಿನ ಪೈ. ಅಣ್ಣ ಇಡೀ ವರ್ಷದ ಗೋಧಿಯ ಹಣವನ್ನೇ ಕೂಗಿದ. ಕೆಲವರು ಅತ್ತರು. ಅವನು ಪೈಯನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಯ ಮುಂದೆ ನಿಂತ.

"ಬೇಡ ಮಾವ," ಎಂದಳು ಲೊರೀನ್. ನಮ್ಮೂರಲ್ಲಿ ಹರಾಜಿನ ಹಣ ಬೇಡವೆಂದವರು ಅವಳೇ ಮೊದಲು. "ನೀವೆಲ್ಲ ನನ್ನನ್ನ ಪ್ರೀತಿಸ್ತೀರಿ, ಗೊತ್ತು. ಅವನಿಗೆ ಬೇಕಿದ್ದಿದ್ದು ತೆಗೆದಿರೋ ಒಂದು ಬಾಗಿಲು. ಆಸ್ಪತ್ರೆ ತೆರಿಗೆ ಮತ್ತೆ ಮತಕ್ಕೆ ಬರ್ಲಿ ಅನ್ನೋರು ಕೈ ಎತ್ತಿ. ಉಳಿದೋರು ನಿಮ್ಮ ಪೈ ತಗೊಂಡು ಮನೆಗೆ ಹೋಗಿ."

"ನಾವು... ನೋಡ್ಕೊಂಡ್ವಲ್ಲಮ್ಮಾ?" ಎಂದ ಅಣ್ಣ. ಅವನ ದನಿ ಮಗುವಿನದಾಗಿತ್ತು. ಇಷ್ಟು ಒಳ್ಳೆಯವರು ಸೇರಿ ಒಬ್ಬ ಹುಡುಗನನ್ನು ಹೇಗೆ ಸಾಯಿಸಿದೆವು? ನನಗೆ ಇವತ್ತಿಗೂ ಅರ್ಥವಾಗಿಲ್ಲ, ಓದುವ ನಿಮಗೆ ಆದರೆ ತಿಳಿಸಿ.

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೆರಡು. ಅಣ್ಣ ಪೈ ಇಡಲು ಜಾಗ ಹುಡುಕುತ್ತಿದ್ದ, ಎಲ್ಲೂ ಸಿಗಲಿಲ್ಲ. ನಾನೇ ಹೋಗಿ ಅವನ ಕೈಯಿಂದ ತೆಗೆದುಕೊಂಡೆ. ಖಾಲಿಯಾದ ಕೈಗಳನ್ನು ಅವನು ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಬಲಗೈಯನ್ನು ಎತ್ತಿದ.